‘ನಾಳೆ ಬನ್ನಿ’ ಅನ್ನುವ ಸೌಜನ್ಯ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ. ಕನ್ನಡ ಶಾಲೆಯ ಮೆಟ್ಟಿಲು ಹತ್ತಿದ ಯಾರೂ ಈ ಗಾದೆಯಿಂದ ತಪ್ಪಿಸಿಕೊಂಡಿಲ್ಲ. ‘ಗಾದೆಯನ್ನು ವಿಸ್ತರಿಸಿ ಬರೆಯಿರಿ’ ಎಂಬ ಪ್ರಶ್ನೆಗೆ ಊಟಕ್ಕೊಂದಿಷ್ಟು ಸಾಲು, ಮಾತಿಗೊಂದಿಷ್ಟು ಸಾಲು ಗೀಚಿ ಅಂಕ ಗಿಟ್ಟಿಸಿದವರೇ ನಾವೆಲ್ಲ. ಹಿತಮಿತವಾಗಿ ಉಣ್ಣಬೇಕು, ಸವಿಯಾಗಿ ಮಾತಾಡಬೇಕು, ಅಲ್ಲಿಗೆ ಮುಗಿಯಿತು.

ಎಡವಟ್ಟಾಗುವುದೇ ಅಲ್ಲಿ. ಊಟದ ಸರದಿಯಲ್ಲಿ ಹಿತಮಿತ ಎಂದವರು, ಮಾತಿನ ಸರದಿ ಬಂದ ಕೂಡಲೇ ಸವಿ ಎಂದು ಜಾರಿಕೊಳ್ಳುತ್ತೇವೆ. ಊಟ ಬಲ್ಲವನೆಂದರೆ ಬರೀ ಸಿಹಿ ತಿನ್ನುವವನೇ? ಮೈಸೂರು ಪಾಕ್ ಹುಟ್ಟಿದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅರಗುವಷ್ಟೇ ಬಡಿಸಿಕೊಳ್ಳುವವನು, ಹೊತ್ತಿಗೆ ಸರಿಯಾಗಿ ಎಲೆ ಮುಂದೆ ಕೂರುವವನು, ಹಾಗಲಕಾಯಿ ಗೊಜ್ಜು ಬಂದರೆ ಮುಖ ಕಿವುಚದವನು ಊಟ ಬಲ್ಲವನು. ಮಾತಿಗೂ ಇದೇ ಅಳತೆ ಹಿಡಿಯಿರಿ. ನಡೆಸಲು ಆಗುವಷ್ಟೇ ಮಾತು ಕೊಡುವುದು, ಹೊತ್ತು ಮೀರುವ ಮೊದಲೇ ಹೇಳುವುದು, ಕಹಿ ಸುದ್ದಿಯನ್ನೂ ನುಂಗಿಕೊಳ್ಳದೆ ತಿಳಿಸುವುದು. ಅಂಗಡಿ, ಕಚೇರಿ, ಕಾರ್ಖಾನೆಗಳ ಮಟ್ಟಿಗೆ ಗಾದೆಯನ್ನು ಹೀಗೆ ಓದುವುದೇ ಸರಿ ಎಂದು ನನ್ನ ವಾದ.

ಮೈಸೂರಿನಲ್ಲಿ ಈ ವಾದ ಹೂಡುವುದಕ್ಕೆ ಕಾರಣವಿದೆ. ನಮ್ಮೂರಿನವರ ಮಾತು ಮೃದು ಎಂದು ನಾಡೆಲ್ಲ ಹೊಗಳುತ್ತದೆ. ಕೆಲಸಕ್ಕೆಂದು ಯಾರ ಬಾಗಿಲಿಗೆ ಹೋದರೂ ‘ಬನ್ನಿ, ಕೂತ್ಕೊಳ್ಳಿ, ಕಾಫಿ ಆಯ್ತಾ?’ ಸಿಗುತ್ತದೆ. ಇದು ಅರಮನೆಯ ಬಳುವಳಿ ಎನ್ನುವವರಿದ್ದಾರೆ, ಇದ್ದರೂ ಇರಬಹುದು. ಆದರೆ ಅದೇ ಬಾಯಲ್ಲಿ ‘ಆಗಲ್ಲ’ ಎಂಬ ಮಾತು ಹೊರಡುವುದು ಬಲು ಕಷ್ಟ. ‘ನೋಡೋಣ’, ‘ಮಾಡ್ಸೋಣ ಬಿಡಿ’, ‘ಹೆಚ್ಚುಕಮ್ಮಿ ಆದಂಗೇ ಲೆಕ್ಕ’, ಕಡೆಗೆ ‘ನಾಳೆ ಬನ್ನಿ’. ಮದುವೆ ಹತ್ತಿರವಾದಾಗ ರವಿಕೆ ಹೊಲಿಯಲು ಕೊಟ್ಟವರನ್ನೋ ಲಗ್ನಪತ್ರಿಕೆ ಅಚ್ಚಿಗೆ ಕೊಟ್ಟವರನ್ನೋ ಕೇಳಿ ನೋಡಿ. ಹಿಂದೆ ಕರ್ನಾಟಕದ ಹಳ್ಳಿಗಳಲ್ಲಿ ದೆವ್ವಕ್ಕೆ ಹೆದರಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ಬಂದ ದೆವ್ವ ಓದಿಕೊಂಡು ಹಿಂದಿರುಗುತ್ತದೆ, ಮರುದಿನವೂ ಅದೇ ಕಥೆ. ದೆವ್ವಕ್ಕೆ ಹೇಳುತ್ತಿದ್ದುದನ್ನು ಗಿರಾಕಿಗೆ ಹೇಳುವಾಗ ಬಹುವಚನ ಸೇರಿಸಿದ್ದೇವೆ, ಅಷ್ಟೇ.

ಇಂಥ ಸೌಜನ್ಯವನ್ನು ಆರ್.ಕೆ. ನಾರಾಯಣ್ ಅವರಷ್ಟು ಹತ್ತಿರದಿಂದ ಕಂಡವರು ಕಡಿಮೆ. 1941ರಲ್ಲಿ ಅವರು ಮೈಸೂರಿನಿಂದ ‘ಇಂಡಿಯನ್ ಥಾಟ್’ ಎಂಬ ಇಂಗ್ಲಿಷ್ ಪತ್ರಿಕೆ ಹೊರಡಿಸಿದರು. ಮೂರೇ ಸಂಚಿಕೆಗೆ ಅದು ನಿಂತಿತು. ಅದರ ಮುದ್ರಕ ಸಂಪತ್ ಅವರ ಒಡನಾಟದಿಂದ ಎದ್ದುಬಂದ ಪಾತ್ರವೇ 1949ರ ಕಾದಂಬರಿಯ ‘ಮಿಸ್ಟರ್ ಸಂಪತ್’. ಕಾದಂಬರಿಯ ಸಂಪತ್‌ನ ತಪ್ಪುಒಪ್ಪುಗಳು ಕಾದಂಬರಿಯವೇ ಹೊರತು ಆ ಮುದ್ರಕರವೆಂದು ತಿಳಿಯಬಾರದು. ಈ ಪಾತ್ರದ ಬಾಯಲ್ಲಿ ಕಟುವಾದ ಮಾತೇ ಇಲ್ಲ. ಎದುರಿಗಿದ್ದವನ ಕಷ್ಟವೆಲ್ಲ ತನ್ನದೇ ಎಂಬಂತೆ ಮಾತಾಡುತ್ತಾನೆ. ಅವನನ್ನು ನಂಬಿದ ಶ್ರೀನಿವಾಸನ ವಾರಪತ್ರಿಕೆ ಮಾತ್ರ ನಡುವೆ ನಿಂತುಹೋಗುತ್ತದೆ, ಸಂಪತ್ ಸಿನಿಮಾ ತೆಗೆಯುವ ಕಡೆಗೆ ಹೊರಳುತ್ತಾನೆ. ಇಷ್ಟಾದರೂ ಓದುಗನಿಗೆ ಅವನ ಮೇಲೆ ಸಿಟ್ಟು ಬರುವುದಿಲ್ಲ! ಶಾಲೆಯ ವಿಸ್ತರಣೆಯ ಪ್ರಕಾರ ಮಾತು ಬಲ್ಲವನೆಂದರೆ ಇವನೇ ಆಗಬೇಕು, ಜಗಳವಂತೂ ಇಲ್ಲವಲ್ಲ. ಆದರೆ ಜಗಳವಿಲ್ಲದೆಯೂ ಇಲ್ಲಿ ಒಬ್ಬನ ಕೆಲಸ ಮುಳುಗಿದೆ.

ನಾರಾಯಣ್ ಅವರದೇ ಇನ್ನೊಬ್ಬ ಮುದ್ರಕ ನಟರಾಜ, 1961ರ ‘ದಿ ಮ್ಯಾನ್‌ಈಟರ್ ಆಫ್ ಮಾಲ್ಗುಡಿ’ಯವನು. ಅವನ ಅಚ್ಚುಕೂಟದ ಮುಂಗೋಣೆಯಲ್ಲಿ ಕುರ್ಚಿಗಳಿವೆ. ಬೀದಿಯಲ್ಲಿ ನಡೆದು ಕಾಲು ಸೋತ ಯಾರು ಬೇಕಾದರೂ ಒಳಗೆ ಬಂದು ಕೂರಬಹುದು. ಆದರೆ ಯಂತ್ರವಿರುವ ಒಳಕೋಣೆಗೆ ಒಂದು ನೀಲಿ ಪರದೆ. ಅದನ್ನು ಯಾರೂ ದಾಟುವುದಿಲ್ಲ, ದಾಟಬೇಡಿ ಎಂದು ಯಾರೂ ಹೇಳಬೇಕಾಗಿಯೂ ಇಲ್ಲ. ವಿಸಿಟಿಂಗ್ ಕಾರ್ಡ್ ಮಾಡಿಸಲು ಬಂದ ವಾಸು ಆ ಪರದೆ ಸರಿಸಿ ಒಳನುಗ್ಗಿದಾಗಲೇ ಇವನು ಎಂಥ ಆಸಾಮಿ ಎಂದು ಗೊತ್ತಾಗಿಬಿಡುತ್ತದೆ. ಕೂರಿಸುವವನಿಗೊಂದು ಮರ್ಯಾದೆ ಇದ್ದರೆ ಕೂರುವವನಿಗೂ ಒಂದು ಇದೆ. ವ್ಯವಹಾರದ ಶಿಷ್ಟಾಚಾರ ಕುರಿತ ಭಾಷಣಗಳಲ್ಲಿ ಈ ಎರಡನೆಯದು ಕೇಳಿಬರುವುದೇ ಅಪರೂಪ.

ಎರಡೂ ಕಡೆಯ ಮರ್ಯಾದೆ ಕಣ್ಣಿಗೆ ಕಾಣಬೇಕೆಂದರೆ ಚಿಕ್ಕ ಗಡಿಯಾರದ ಪಕ್ಕದ ದೇವರಾಜ ಮಾರುಕಟ್ಟೆಗೆ ಹೋಗಬೇಕು. ಬೋಣಿ ಆಗುವ ಮುನ್ನ ಸುಮ್ಮನೆ ರೇಟು ಕೇಳಿ ಹೊರಟುಬಿಡುವ ಗಿರಾಕಿಯನ್ನು ಅಲ್ಲಿ ಯಾರೂ ಮೆಚ್ಚುವುದಿಲ್ಲ. ಚೌಕಾಸಿ ಎಷ್ಟೇ ನಡೆಯಲಿ, ಕೊಡುತ್ತೇನೆಂದು ಒಪ್ಪಿದ ಮೇಲೆ ಹಿಂದೆ ಸರಿಯುವಂತಿಲ್ಲ. ತೂಕ ಮುಗಿದ ಮೇಲೆ ಕೊಸರು ಬೀಳಬೇಕು, ಕರಿಬೇವಿನ ಎರಡು ಎಸಳಾದರೂ ಸರಿ. ಹೂವಿನ ಸಾಲಿನಲ್ಲಿ ಮಲ್ಲಿಗೆಯನ್ನು ಮಾರಿನಲ್ಲಿ ಅಳೆಯುವ ಹೆಂಗಸು ‘ಇದು ನಿನ್ನೆ ಕಟ್ಟಿದ್ದು ಕಣಮ್ಮ, ದೇವರಿಗಾದ್ರೆ ಆ ಕಡೇದು ತಗೊ’ ಎಂದಳೆನ್ನಿ. ಧ್ವನಿ ಒರಟಾಗಿರಬಹುದು, ಏಕವಚನವೇ ಇರಬಹುದು. ಆದರೂ ಮಾತು ಬಲ್ಲವಳು ಅವಳು. ಮನೆಗೆ ಹೋಗಿ ಪೊಟ್ಟಣ ಬಿಚ್ಚಿದಾಗ ತಿಳಿಯಬೇಕಾಗಿದ್ದ ಸತ್ಯವನ್ನು ದುಡ್ಡು ಕೊಡುವ ಮೊದಲೇ ತಿಳಿಸಿಬಿಟ್ಟಳು.

ಸವಿಮಾತಿನವರು ಹೊತ್ತು ಮರೆತರೆ ಕಾನೂನು ನೆನಪಿಸಬೇಕಾಗುತ್ತದೆ. ಕರ್ನಾಟಕದಲ್ಲಿ 2012ರ ಏಪ್ರಿಲ್‌ನಿಂದ ರಾಜ್ಯದಾದ್ಯಂತ ಜಾರಿಯಾದ ಸಕಾಲ ಎಂದರೆ ಸರ್ಕಾರಿ ಕಚೇರಿಯ ‘ನಾಳೆ ಬನ್ನಿ’ಗೆ ಕಟ್ಟಿದ ಬೆಲೆ. ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಖಾಸಗಿಯವರ ‘ನಾಳೆ’ಗೆ ಕೇಂದ್ರದ 2006ರ ಎಂಎಸ್‌ಎಂಇ ಕಾಯ್ದೆಯಿದೆ. ಕಿರು ಮತ್ತು ಸಣ್ಣ ಘಟಕಗಳಿಂದ ಮಾಲು ತೆಗೆದುಕೊಂಡವರು ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು. ಅದೂ ಸಾಲದೆಂದು, ವಾಯಿದೆ ಮೀರಿದ ಬಾಕಿಯನ್ನು ನಿಜವಾಗಿ ಪಾವತಿಸಿದ ವರ್ಷದಲ್ಲೇ ಖರ್ಚಿಗೆ ತೋರಿಸಬೇಕೆಂದು ಆದಾಯ ತೆರಿಗೆ ನಿಯಮವನ್ನೂ 2023ರಲ್ಲಿ ಬಿಗಿಗೊಳಿಸಿದರು. ಹೆಬ್ಬಾಳ, ಮೇಟಗಳ್ಳಿಯ ಸಣ್ಣ ಶೆಡ್ಡುಗಳಲ್ಲಿ ಲೇತ್ ತಿರುಗಿಸುವವರು ಇಷ್ಟೆಲ್ಲ ಇದ್ದೂ ದೂರು ಕೊಡಲು ಹಿಂಜರಿಯುತ್ತಾರೆ, ಮುಂದಿನ ಆರ್ಡರು ಕೈತಪ್ಪೀತೆಂಬ ಅಂಜಿಕೆ. ಅತ್ತ ದೊಡ್ಡ ಕಂಪನಿಯ ಅಕೌಂಟ್ಸ್ ವಿಭಾಗದವರು ಫೋನಿನಲ್ಲಿ ‘ಖಂಡಿತಾ ಸರ್, ಈ ವಾರ ಸರ್’ ಎಂದು ಬಲು ವಿನಯದಿಂದಲೇ ಉತ್ತರ ಕೊಡುತ್ತಾರೆ. ಬಾಕಿ ಇಟ್ಟುಕೊಂಡವನ ವಿನಯಕ್ಕಿಂತ ಹೊತ್ತಿಗೆ ದುಡ್ಡು ಕೊಡುವವನ ಗದರಿಕೆಯೇ ವಾಸಿ ಎಂದು ಆ ಶೆಡ್ಡಿನವರಿಗೆ ಅನ್ನಿಸಿದರೆ ತಪ್ಪೇನು?

ಈಗ ಊರಿನಲ್ಲಿ ಶಿಷ್ಟಾಚಾರದ ತರಬೇತಿಗೇನೂ ಕೊರತೆಯಿಲ್ಲ. ಇನ್ಫೋಸಿಸ್‌ನ ಮೈಸೂರು ಆವರಣಕ್ಕೆ ದೇಶದ ಮೂಲೆಮೂಲೆಯಿಂದ ಬರುವ ಹುಡುಗ ಹುಡುಗಿಯರು ಕಂಪ್ಯೂಟರ್ ವಿದ್ಯೆಯ ಜೊತೆಗೆ ನಡೆನುಡಿಯನ್ನೂ ಕಲಿತು ಹೋಗುತ್ತಾರೆ. ಕೈ ಕುಲುಕುವುದು, ಮೀಟಿಂಗ್‌ನಲ್ಲಿ ಫೋನ್ ಮೌನವಾಗಿಡುವುದು, ಇಮೇಲ್‌ಗೆ ತಲೆಬರಹ ಕೊಡುವುದು ಎಲ್ಲವೂ ಬೇಕಾದ್ದೇ, ಬೇಗ ಕಲಿಯಬಹುದಾದ್ದೂ ಹೌದು. ಮೇಲಧಿಕಾರಿಗೆ ‘ಈ ಕೆಲಸ ಶುಕ್ರವಾರಕ್ಕೆ ಆಗುವುದಿಲ್ಲ, ಮಂಗಳವಾರ ಆಗುತ್ತದೆ’ ಎಂದು ಸೋಮವಾರವೇ ಹೇಳುವ ಎದೆಗಾರಿಕೆ ಮಾತ್ರ ತರಗತಿಯಲ್ಲಿ ಬರುವಂಥದಲ್ಲ. ಹಾಗೆ ಹೇಳಿದವನನ್ನು ಬೈಯದ ಮೇಲಧಿಕಾರಿಯೂ ಬೇಕು. ಕಹಿ ಕೇಳಿಸಿಕೊಳ್ಳಲಾರದವನ ಮುಂದೆ ಎಲ್ಲರೂ ಸಂಪತ್‌ಗಳೇ ಆಗುತ್ತಾರೆ.

ನಿಮ್ಮ ಮೇಜಿನ ಮೇಲೆ ಯಾರದಾದರೂ ಬಿಲ್ಲು ಕೊಳೆಯುತ್ತಿದ್ದರೆ ಇವತ್ತೇ ಹಣ ಕೊಟ್ಟುಬಿಡಿ. ಆಗದಿದ್ದರೆ ಅವರು ಕೇಳುವ ಮೊದಲೇ ಫೋನ್ ಮಾಡಿ, ಕೊಡುವ ತಾರೀಖು ಯಾವುದೆಂದು ಹೇಳಿ.