ಹಿಮದಂಗಳದ ಹುಡುಗರು ಬೆಳೆಯಬೇಕಾದುದು ಎಲ್ಲಿ?

ಹದಿನಾರು ವರ್ಷದ ಬಾಲಕನೊಬ್ಬನಲ್ಲಿ ಅಪೂರ್ವವಾದ ಪ್ರತಿಭೆಯಿದೆ ಎಂದು ಭಾವಿಸಿರಿ. ಅದು ಪೂರ್ಣವಾಗಿ ಅರಳಬೇಕಾದರೆ ಅವನು ಹುಟ್ಟಿದ ನೆಲದಲ್ಲೇ, ತನ್ನ ಭಾಷೆಯನ್ನಾಡುವ ಗುರುಗಳ ಬಳಿಯಲ್ಲೇ ಇರಬೇಕೋ, ಇಲ್ಲವೇ ಸಾಗರದಾಚೆಯ ನಾಡಿಗೆ ಹೋಗಿ ಅಪರಿಚಿತರ ಮನೆಯಲ್ಲಿ ತಂಗಿ ಕಲಿಯಬೇಕೋ? ರಷ್ಯಾದ ಐಸ್ ಹಾಕಿ ಆಟಗಾರರ ಕುಟುಂಬಗಳು ಕಳೆದ ಮೂರು ದಶಕಗಳಿಂದ ಈ ಪ್ರಶ್ನೆಯನ್ನು ಎದುರಿಸುತ್ತಲೇ ಬಂದಿವೆ. ಕ್ರೀಡಾಪುಟಕ್ಕೆ ಸೇರಬೇಕಾದ ಮಾತು ಇಲ್ಲೇಕೆ ಎಂದು ನೀವು ಹುಬ್ಬೇರಿಸಬಹುದು, ಪ್ರಿಯ ಓದುಗರೇ. ಆದರೆ ‘ಬೆಳವಣಿಗೆ’ ಎಂದರೇನು, ಅದನ್ನು ಯಾರು ಅಳೆಯಬೇಕು, ಎಳೆಯನೊಬ್ಬನ ಬಾಳಿನ ನಿರ್ಧಾರವನ್ನು ಕೈಗೊಳ್ಳುವ ಹಕ್ಕು ಯಾರಿಗಿದೆ ಎಂಬ ಪ್ರಶ್ನೆಗಳು ಇದರ ಒಡಲಲ್ಲೇ ಅಡಗಿವೆ.

ಹಾಕಿ ಎಂದೊಡನೆ ನಮಗೆ ನೆನಪಾಗುವುದು ಕೊಡಗಿನ ಮೈದಾನಗಳು. ಇದು ಬೇರೆ ಆಟ. ಮಂಜುಗಡ್ಡೆಯ ಅಂಗಳದ ಮೇಲೆ, ಕಾಲಿಗೆ ಉಕ್ಕಿನ ಅಲಗಿನ ಬೂಟು ಕಟ್ಟಿಕೊಂಡು, ಗೋಲುಕಾವಲಿನವನೂ ಸೇರಿ ಆರು ಮಂದಿಯ ಎರಡು ತಂಡಗಳು ಗಟ್ಟಿ ರಬ್ಬರಿನ ಬಿಲ್ಲೆಯೊಂದನ್ನು ಬೆನ್ನಟ್ಟುವ ಆಟ. ಇದರ ಅತ್ಯುನ್ನತ ವೇದಿಕೆಯಾದ ನ್ಯಾಷನಲ್ ಹಾಕಿ ಲೀಗ್ ಅಮೆರಿಕ ಮತ್ತು ಕೆನಡಾಗಳಲ್ಲಿದೆ. ಅಲ್ಲಿನ ತಂಡಗಳು ವರ್ಷಕ್ಕೊಮ್ಮೆ ಸೇರಿ, ಹದಿನೆಂಟರ ಆಸುಪಾಸಿನ ಹುಡುಗರನ್ನು ಸರದಿಯಂತೆ ಹೆಸರು ಕೂಗಿ ತಮ್ಮದಾಗಿಸಿಕೊಳ್ಳುತ್ತವೆ. ಇದಕ್ಕೆ ಡ್ರಾಫ್ಟ್ ಎಂದು ಹೆಸರು. (ಸಂತೆಯ ನೆನಪಾದರೆ ತಪ್ಪು ನಿಮ್ಮದಲ್ಲ.)

ರಷ್ಯಾಕ್ಕೆ ತನ್ನದೇ ಆದ ಶಾಲೆಯಿದೆ. ಅನಾತೊಲಿ ತರಾಸೊವ್ ಎಂಬ ಮಹಾನ್ ತರಬೇತುದಾರ ಸೋವಿಯತ್ ಕಾಲದಲ್ಲಿ ಕಟ್ಟಿದ ಪರಂಪರೆ ಅದು. ಬಿಲ್ಲೆಯನ್ನು ಒಬ್ಬನೇ ಹಿಡಿದಿಟ್ಟುಕೊಳ್ಳದೆ ಐವರೂ ಒಂದೇ ಮನಸ್ಸಿನಿಂದ ಚಲಿಸಬೇಕೆಂಬುದು ಆ ಶಾಲೆಯ ಮೂಲಪಾಠ. ಊರೂರಿನ ಮಕ್ಕಳಿಗಾಗಿ ‘ಚಿನ್ನದ ಬಿಲ್ಲೆ’ ಎಂಬ ಪಂದ್ಯಾವಳಿ 1964ರಲ್ಲಿ ಆರಂಭವಾದುದೂ ಆತನ ಪ್ರಯತ್ನದಿಂದಲೇ. ಆದರೆ ಅದೇ ವ್ಯವಸ್ಥೆಯ ಮತ್ತೊಂದು ಮುಖವೂ ಇತ್ತು. ಆಟಗಾರರು ಸೇನೆಯ ತಂಡದಲ್ಲಿ ಸೈನಿಕರಾಗಿ, ವರ್ಷದ ಬಹುಭಾಗ ಹೆಂಡತಿ ಮಕ್ಕಳಿಂದ ದೂರವಿದ್ದು ಶಿಬಿರಗಳಲ್ಲಿ ಕಳೆಯುತ್ತಿದ್ದರು. 1989ರ ಮೇ ತಿಂಗಳಲ್ಲಿ ಇಪ್ಪತ್ತು ವರ್ಷದ ಅಲೆಕ್ಸಾಂಡರ್ ಮೊಗಿಲ್ನಿ ವಿಶ್ವ ಪಂದ್ಯಾವಳಿ ಮುಗಿದೊಡನೆ ಸ್ಟಾಕ್‌ಹೋಮ್‌ನಲ್ಲಿ ತಂಡವನ್ನು ತೊರೆದು ಅಮೆರಿಕದ ಬಫಲೋ ನಗರವನ್ನು ಸೇರಿದ. ಮರುವರ್ಷ ಸೆರ್ಗೇ ಫೆದೊರೊವ್ ಅದೇ ರೀತಿ ಹೊರಟುಹೋದ. ಅಂದು ಹೊರನಾಡಿಗೆ ಹೋಗುವುದೆಂದರೆ ಓಡಿಹೋಗುವುದು ಎಂದೇ ಅರ್ಥವಾಗಿತ್ತು. ಮನೆಗೆ ಮರಳುವ ದಾರಿಯನ್ನು ಮುಚ್ಚಿಕೊಂಡು ಹೋಗಬೇಕಾಗಿದ್ದುದರಿಂದ ಯಾವ ತಂದೆತಾಯಿಯೂ ಅದನ್ನು ಮಗನ ‘ತರಬೇತಿ’ ಎಂದು ಕರೆಯುತ್ತಿರಲಿಲ್ಲ.

ಗಡಿಗಳು ತೆರೆದ ಮೇಲೆ ಪ್ರಶ್ನೆಯ ಸ್ವರೂಪ ಬದಲಾಯಿತು. ಹೋಗುವುದಾದರೆ ಯಾವಾಗ ಎಂಬುದು ಮುಖ್ಯವಾಯಿತು. ಕೆನಡಾದ ಕಿರಿಯರ ಲೀಗ್ 16ರಿಂದ 20 ವರ್ಷದವರಿಗೆ ಮೀಸಲಾದುದು. ಅಲ್ಲಿ ಹೊರದೇಶದ ಹುಡುಗರನ್ನು ಆರಿಸಿಕೊಳ್ಳಲೆಂದೇ ಪ್ರತ್ಯೇಕ ಡ್ರಾಫ್ಟ್ ಇದೆ. ಹೀಗೆ ಹೋದವನು ಸ್ಥಳೀಯ ಕುಟುಂಬವೊಂದರ ಆಶ್ರಯದಲ್ಲಿರುತ್ತಾನೆ. ಇಂಗ್ಲಿಷ್ ಕಲಿಯುತ್ತಾನೆ, ಬಸ್ಸಿನಲ್ಲಿ ನೂರಾರು ಮೈಲಿ ಪಯಣಿಸುತ್ತಾನೆ, ಋತುವೊಂದರಲ್ಲಿ ಅರವತ್ತಕ್ಕೂ ಹೆಚ್ಚು ಪಂದ್ಯಗಳನ್ನಾಡುತ್ತಾನೆ. ಅಮೆರಿಕದ ಅಂಗಳ ಯುರೋಪಿನ ಸಾಂಪ್ರದಾಯಿಕ ಅಂಗಳಕ್ಕಿಂತ ಸುಮಾರು ನಾಲ್ಕು ಮೀಟರ್ ಕಿರಿದು. ಯೋಚಿಸಲು ಸಮಯ ಕಡಿಮೆ, ಮೈಗೆ ಬೀಳುವ ಪೆಟ್ಟು ಹೆಚ್ಚು. ಆ ಇಕ್ಕಟ್ಟಿಗೆ ಎಳೆವೆಯಲ್ಲೇ ಒಗ್ಗಿಕೊಳ್ಳುವುದು ಒಳ್ಳೆಯದೆಂಬುದು ಅತ್ತ ಹೋಗುವವರ ವಾದ.

ಈ ವಾದಕ್ಕೆ ಬಲವಾದ ಉದಾಹರಣೆ ನಿಕಿತಾ ಕುಚೆರೊವ್. 2011ರ ಡ್ರಾಫ್ಟಿನಲ್ಲಿ ಅವನ ಹೆಸರನ್ನು ಕೂಗಿದ್ದು 58ನೆಯ ಸರದಿಯಲ್ಲಿ. ಮಾಸ್ಕೋದ ಸೇನಾ ತಂಡದ ಕಿರಿಯರ ಪೈಕಿ ಅವನು ಮಿಂಚಿದ್ದರೂ ಹಿರಿಯರ ತಂಡದಲ್ಲಿ ಅವನಿಗೆ ದೊರೆತ ಅವಕಾಶ ಅಲ್ಪ. 2012ರಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯಕ್ಕೆ ಹೋದ. ಅಲ್ಲಿಯೂ ಮೊದಲ ತಂಡದಲ್ಲಿ ಉಳಿಯಲಾಗದೆ ರುವಾನ್-ನೊರಾಂಡ ಎಂಬ ಗಣಿಯೂರಿನ ತಂಡಕ್ಕೆ ಸೇರಿ ಗೋಲುಗಳ ಸುರಿಮಳೆಗೈದ. 2019ರಲ್ಲಿ ಅವನು ಆ ಲೀಗಿನ ಅತ್ಯಮೂಲ್ಯ ಆಟಗಾರನೆಂಬ ಪ್ರಶಸ್ತಿಗೆ ಪಾತ್ರನಾದ. ಯಾರೊಸ್ಲಾವ್ಲ್ ನಗರದ ಇವಾನ್ ಪ್ರೊವೊರೊವ್ ಇನ್ನೂ ಬೇಗ, ಹದಿನಾಲ್ಕರ ಸುಮಾರಿಗೇ ಅಮೆರಿಕಕ್ಕೆ ಹೋದವನು. 2015ರಲ್ಲಿ ಏಳನೆಯವನಾಗಿ ಆಯ್ಕೆಯಾದ.

ಹಾಗಾದರೆ ಹೊರನಾಡೇ ಲೇಸೆನ್ನೋಣವೇ? ನಿಜ್ನೆಕಾಮ್ಸ್ಕ್‌ನ ನೇಲ್ ಯಾಕುಪೊವ್ 2010ರಲ್ಲಿ ಕೆನಡಾದ ಸಾರ್ನಿಯಾ ತಂಡ ಸೇರಿದ. 2012ರ ಡ್ರಾಫ್ಟಿನಲ್ಲಿ ಎಲ್ಲರಿಗಿಂತ ಮೊದಲು ಕರೆಯಲಾದುದು ಅವನ ಹೆಸರನ್ನೇ. ಆರು ವರ್ಷಗಳೊಳಗೆ ಆ ದೊಡ್ಡ ಲೀಗಿನಲ್ಲಿ ಅವನಿಗೆ ಜಾಗವಿಲ್ಲದಾಗಿ 2018ರಲ್ಲಿ ರಷ್ಯಾಕ್ಕೆ ಮರಳಿದ. ಇತ್ತ ಚೆಲ್ಯಾಬಿನ್ಸ್ಕ್ ಪ್ರಾಂತ್ಯದ ಕೊರ್ಕಿನೊ ಎಂಬ ಕಲ್ಲಿದ್ದಲ ಊರಿನಲ್ಲಿ, ಅಜ್ಜ ಅಜ್ಜಿಯರ ಆರೈಕೆಯಲ್ಲಿ ಬೆಳೆದ ಆರ್ಟೆಮಿ ಪನಾರಿನ್‌ನ ಹೆಸರನ್ನು ಯಾವ ಡ್ರಾಫ್ಟಿನಲ್ಲಿಯೂ ಯಾರೂ ಕೂಗಲಿಲ್ಲ. ಅವನು ತನ್ನ ನಾಡಿನಲ್ಲೇ ಆಡುತ್ತಾ ಪಳಗಿ 2015ರಲ್ಲಿ ಶಿಕಾಗೋಗೆ ಹೋದಾಗ 23 ವರ್ಷ ತುಂಬಿತ್ತು. ಮರುವರ್ಷವೇ ಶ್ರೇಷ್ಠ ಹೊಸ ಆಟಗಾರನೆನಿಸಿಕೊಂಡ. ಕಿರಿಲ್ ಕಪ್ರಿಝೊವ್‌ನದು ಇಂಥದೇ ಕಥೆ. ಸೈಬೀರಿಯಾದ ನೊವೊಕುಜ್ನೆತ್ಸ್ಕ್ ಉಕ್ಕಿನ ಊರು, ಅಲ್ಲಿನ ತಂಡ ದುರ್ಬಲವಾದುದು. ಆ ದೌರ್ಬಲ್ಯವೇ ಅವನಿಗೆ ವರವಾಯಿತೆಂದು ನನಗನಿಸುತ್ತದೆ. ಸಿರಿವಂತ ತಂಡದಲ್ಲಿ ಬೆಂಚು ಕಾಯುತ್ತಾ ಕೂರಬೇಕಾಗಿದ್ದ ಹದಿನೇಳರ ಹುಡುಗನಿಗೆ ಇಲ್ಲಿ ದೊಡ್ಡವರೊಡನೆ ಆಡುವ ಅವಕಾಶ ಒದಗಿತು. 2015ರಲ್ಲಿ 135ನೆಯವನಾಗಿ ಆಯ್ಕೆಯಾದರೂ ಅವನು ಅವಸರಪಡಲಿಲ್ಲ. 2018ರ ಒಲಿಂಪಿಕ್ಸ್ ಅಂತಿಮ ಪಂದ್ಯದಲ್ಲಿ ಚಿನ್ನ ತಂದ ಗೋಲು ಹೊಡೆದು, 2020ರಲ್ಲಷ್ಟೇ ಅಮೆರಿಕಕ್ಕೆ ಹೋದ.

ಗೋಲುಕಾವಲಿನವರ ಕಥೆ ಇನ್ನೂ ಸ್ವಾರಸ್ಯಕರ. ತಮ್ಮ ಹುಡುಗರಿಗೆ ಅವಕಾಶ ಕಡಿಮೆಯಾಗುತ್ತಿದೆಯೆಂದು ಕೆನಡಾದ ಕಿರಿಯರ ಲೀಗ್ ಹೊರದೇಶದ ಗೋಲಿಗಳನ್ನು ಆರಿಸಿಕೊಳ್ಳುವುದನ್ನೇ ನಿಲ್ಲಿಸಲು 2013ರಲ್ಲಿ ನಿರ್ಧರಿಸಿತು. 2018ರಲ್ಲಿ ಆ ಬಾಗಿಲನ್ನು ಪುನಃ ತೆರೆಯಿತು. ಬಾಗಿಲು ಮುಚ್ಚಿದ್ದ ಆ ವರ್ಷಗಳಲ್ಲೇ ಇಗೊರ್ ಶೆಸ್ಟೆರ್ಕಿನ್ ಮತ್ತು ಇಲ್ಯಾ ಸೊರೊಕಿನ್ ತಮ್ಮ ನಾಡಿನಲ್ಲಿ ಸದ್ದಿಲ್ಲದೆ ಪಕ್ವವಾಗುತ್ತಿದ್ದರು. ಇಬ್ಬರೂ 2014ರಲ್ಲಿ ಆಯ್ಕೆಯಾದವರು, ಒಬ್ಬ 2019ರಲ್ಲಿ, ಇನ್ನೊಬ್ಬ 2020ರಲ್ಲಿ ಹೋದರು. ಜಗತ್ತಿನ ಅತ್ಯುತ್ತಮ ಗೋಲಿಗಳ ಪಟ್ಟಿಯಲ್ಲಿ ಅವರಿಲ್ಲದೆ ಇಂದು ಮಾತೇ ಇಲ್ಲ. ಅವರಿಗೂ ಮೊದಲೇ ಸೆರ್ಗೇ ಬೊಬ್ರೊವ್ಸ್ಕಿ ಇದೇ ನೊವೊಕುಜ್ನೆತ್ಸ್ಕ್‌ನಿಂದ 2010ರಲ್ಲಿ, 21ನೆಯ ವಯಸ್ಸಿನಲ್ಲಿ ನೇರವಾಗಿ ದೊಡ್ಡ ಲೀಗಿಗೆ ಹೋಗಿದ್ದ.

ಇಷ್ಟು ಹೆಸರುಗಳನ್ನು ಮುಂದಿಟ್ಟ ಮೇಲೂ ನಾವು ಎಚ್ಚರದಿಂದಿರಬೇಕು. ಕುಚೆರೊವ್ ಮಾಸ್ಕೋದಲ್ಲೇ ಉಳಿದಿದ್ದರೆ ಏನಾಗುತ್ತಿದ್ದನೆಂದು ಯಾರೂ ಅರಿಯರು. ಪನಾರಿನ್ ಹದಿನಾರಕ್ಕೇ ಹೋಗಿದ್ದರೆ ಏನಾಗುತ್ತಿದ್ದನೆಂಬುದೂ ಅಷ್ಟೇ ಅಜ್ಞಾತ. ಒಬ್ಬ ಹುಡುಗನಿಗೆ ಒಂದೇ ಬಾಳು. ಅದನ್ನು ಎರಡು ಬಾರಿ ಬಾಳಿಸಿ ಹೋಲಿಸಿ ನೋಡಲಾಗದು. ಅಲ್ಲದೆ ನಮ್ಮ ಕಣ್ಣಿಗೆ ಬೀಳುವುದು ಗೆದ್ದವರು ಮಾತ್ರ. ಹದಿನೇಳಕ್ಕೆ ಹೋಗಿ, ಭಾಷೆ ಬಾರದೆ, ಎರಡು ಋತು ಕಳೆದು, ಶಾಲೆಯೂ ಇಲ್ಲದೆ ಆಟವೂ ಇಲ್ಲದೆ ಮರಳಿದವನ ಹೆಸರನ್ನು ಯಾರು ಬರೆದಿಡುತ್ತಾರೆ? ಹಾಗೆಯೇ ಮನೆಯಲ್ಲೇ ಉಳಿದು ಬೆಂಚಿನ ಮೇಲೆ ಬಾಡಿಹೋದವನ ಹೆಸರನ್ನೂ. ಗೆದ್ದವರ ದಾರಿಯನ್ನೇ ಗೆಲುವಿನ ಕಾರಣವೆಂದು ತಿಳಿಯುವುದು ಬಹಳ ಹಳೆಯ ತರ್ಕದೋಷ.

‘ಎಲ್ಲಿ’ ಎಂಬ ಪ್ರಶ್ನೆಗೆ ಉತ್ತರ ಸಿಗದಿರುವುದು ಅದು ಪ್ರಶ್ನೆಯ ಅರ್ಧ ಭಾಗ ಮಾತ್ರವಾಗಿರುವುದರಿಂದ. ಬೆಳವಣಿಗೆ ಯಾರದು? ತಂಡದ ಒಡೆಯನಿಗೆ ಬೆಳೆಯಬೇಕಾದುದು ಆಟಗಾರ. ರಾಷ್ಟ್ರಕ್ಕೆ ಬೆಳೆಯಬೇಕಾದುದು ಪದಕ. ಏಜೆಂಟನಿಗೆ ಬೆಳೆಯಬೇಕಾದುದು ಏನೆಂದು ನಾನು ಹೇಳಬೇಕಾಗಿಲ್ಲ. ತಂದೆತಾಯಿಗೆ ಮಾತ್ರ ಬೆಳೆಯಬೇಕಾದವನು ಒಬ್ಬ ಮನುಷ್ಯ. ಎಳೆಯನು ಗಣಿತದಲ್ಲಿ ಪಂಡಿತನಾಗಬಹುದು, ಆದರೆ ವಿವೇಕಿಯಾಗಲಾರ, ಏಕೆಂದರೆ ವಿವೇಕಕ್ಕೆ ಅನುಭವ ಬೇಕು, ಅನುಭವಕ್ಕೆ ಕಾಲ ಬೇಕು ಎಂದು ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದಲ್ಲಿ ವಾದಿಸುತ್ತಾನೆ. ಮಂಜುಗಡ್ಡೆಯ ಮೇಲಣ ಚಾತುರ್ಯವೂ ಗಣಿತದಂತೆಯೇ. ಹದಿನಾರಕ್ಕೇ ಅದು ಬೆರಗುಗೊಳಿಸುವಷ್ಟು ಬಂದಿರಬಹುದು. ಆದರೆ ಕರಾರುಪತ್ರಕ್ಕೆ ಸಹಿ ಹಾಕುವುದು ಚಾತುರ್ಯದ ಕೆಲಸವಲ್ಲ, ವಿವೇಕದ ಕೆಲಸ. ಕೈಯ ಪ್ರತಿಭೆಯನ್ನು ಕಂಡು ಮನಸ್ಸೂ ಮಾಗಿದೆಯೆಂದು ನಾವು ಬಗೆಯುತ್ತೇವಲ್ಲ, ಅನರ್ಥದ ಬೇರು ಅಲ್ಲಿಯೇ.

ಮನೆ ಎಂದಾಕ್ಷಣ ಕ್ಷೇಮ ಎಂದೂ ತಿಳಿಯಬೇಡಿರಿ. ಓಮ್ಸ್ಕ್ ತಂಡದ ಅಲೆಕ್ಸೇ ಚೆರೆಪಾನೊವ್ 2007ರಲ್ಲಿ ನ್ಯೂಯಾರ್ಕ್ ತಂಡದಿಂದ ಆಯ್ಕೆಯಾದರೂ ತನ್ನ ನಾಡಿನಲ್ಲೇ ಆಡುತ್ತಿದ್ದ. 2008ರ ಅಕ್ಟೋಬರ್ 13ರಂದು ಚೆಖೊವ್ ಎಂಬ ಪಟ್ಟಣದಲ್ಲಿ, ಪಂದ್ಯ ಮುಗಿಯುವುದಕ್ಕೆ ಕೆಲವೇ ನಿಮಿಷಗಳಿದ್ದಾಗ ಬೆಂಚಿನ ಮೇಲೆಯೇ ಕುಸಿದುಬಿದ್ದ. ಅಂಗಳದ ಬಳಿ ಇರಬೇಕಾಗಿದ್ದ ಆಂಬುಲೆನ್ಸ್ ಆಗಲೇ ಹೊರಟುಹೋಗಿತ್ತು. ಹತ್ತೊಂಬತ್ತರ ಆ ಹುಡುಗ ಉಳಿಯಲಿಲ್ಲ. ಅವನ ಹೃದಯಕ್ಕೆ ಕಾಯಿಲೆಯಿತ್ತೆಂಬುದು, ಆಡಬಾರದ ಸ್ಥಿತಿಯಲ್ಲಿ ಆಡುತ್ತಿದ್ದನೆಂಬುದು ಬಳಿಕ ತಿಳಿದುಬಂತು. ಸ್ವಂತ ನಾಡು, ಸ್ವಂತ ಭಾಷೆ, ಸುತ್ತಲೂ ಸ್ವಂತ ಜನ. ಆದರೂ ಅವನ ಎದೆಗೆ ಕಿವಿಗೊಡುವವರು ಸಾಕಷ್ಟು ಮಂದಿ ಇರಲಿಲ್ಲ.

ಕರಾರಿನ ಮಾತಿಗೆ ಬಂದರೆ ಯೆವ್ಗೆನಿ ಮಾಲ್ಕಿನ್‌ನನ್ನು ನೆನೆಯದಿರಲಾಗದು. ಮ್ಯಾಗ್ನಿಟೊಗೊರ್ಸ್ಕ್‌ನಲ್ಲಿ ಹುಟ್ಟಿ ಬೆಳೆದ ಅವನು 2006ರ ಆಗಸ್ಟಿನಲ್ಲಿ ಊರಿನ ತಂಡದ ಒತ್ತಾಯಕ್ಕೆ ಮಣಿದು ಮತ್ತೆ ಸಹಿ ಹಾಕಿದ. ಕೆಲವೇ ದಿನಗಳಲ್ಲಿ ತಂಡ ಹೆಲ್ಸಿಂಕಿಗೆ ಬಂದಿಳಿದಾಗ ವಿಮಾನನಿಲ್ದಾಣದಿಂದಲೇ ಕಣ್ಮರೆಯಾಗಿ ಅಮೆರಿಕ ತಲಪಿದ. ಊರಿನ ತಂಡ ನ್ಯಾಯಾಲಯದ ಮೆಟ್ಟಿಲೇರಿದರೂ ಅವನ ಆಟವನ್ನು ತಡೆಯಲಾಗಲಿಲ್ಲ. ಕೊಟ್ಟ ಮಾತು ಮುರಿದನಲ್ಲವೇ ಎಂದು ನೀವು ಕೇಳುವಿರಿ. ಒತ್ತಾಯದಿಂದ ಪಡೆದ ಮಾತಿಗೆ ಎಷ್ಟು ಬೆಲೆ ಎಂದು ನಾನು ಮರುಪ್ರಶ್ನೆ ಹಾಕಬಹುದು. ಆದರೆ ಎಳೆವೆಯಿಂದ ಅವನನ್ನು ತಿದ್ದಿದ ಆ ಉಕ್ಕಿನ ಊರಿಗೆ ಏನೂ ದಕ್ಕಲಿಲ್ಲವೆಂಬುದೂ ಸತ್ಯ. ಆಟಗಾರರನ್ನು ಬೆಳೆಸಿದ ತಂಡಗಳಿಗೆ ಪರಿಹಾರ ಕೊಡುವ 2005ರ ಒಪ್ಪಂದಕ್ಕೆ ರಷ್ಯಾ ಸಹಿ ಹಾಕಿರಲಿಲ್ಲ. ಬೆಳೆಸಿದವನಿಗೆ ಕೃತಜ್ಞತೆ ಸಲ್ಲಬೇಕು. ಆದರೆ ಕೃತಜ್ಞತೆ ಒಡೆತನವಲ್ಲ. ಈ ಎರಡನ್ನೂ ಒಂದೇ ಎಂದು ತಿಳಿಯುವ ತಂಡಗಳು ಮಾತ್ರವಲ್ಲ, ತಂದೆತಾಯಿಗಳೂ ಇದ್ದಾರೆ.

2022ರ ಬಳಿಕ ಈ ಪ್ರಶ್ನೆಯ ಮೇಲೆ ಯುದ್ಧದ ನೆರಳು ಬಿದ್ದಿತು. ಆ ವರ್ಷದ ಫೆಬ್ರುವರಿಯ ಕೊನೆಯಲ್ಲಿ ಅಂತರರಾಷ್ಟ್ರೀಯ ಒಕ್ಕೂಟವು ರಷ್ಯಾದ ತಂಡಗಳನ್ನು ಹೊರಗಿಟ್ಟಿತು. ಕೆನಡಾದ ಕಿರಿಯರ ಲೀಗ್ ಆ ವರ್ಷದ ತನ್ನ ಡ್ರಾಫ್ಟಿನಲ್ಲಿ ರಷ್ಯಾದ ಹುಡುಗರನ್ನು ಆರಿಸಿಕೊಳ್ಳಲಿಲ್ಲ. ಫಿಲಡೆಲ್ಫಿಯಾಕ್ಕೆ ಹೊರಟಿದ್ದ ಗೋಲಿ ಇವಾನ್ ಫೆದೊತೊವ್‌ನನ್ನು 2022ರ ಜುಲೈನಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಸೇನಾಸೇವೆ ತಪ್ಪಿಸಿಕೊಂಡನೆಂಬ ಆರೋಪದ ಮೇಲೆ ಹಿಡಿದು ಉತ್ತರದ ಸೇನಾನೆಲೆಗೆ ಕಳುಹಿಸಿದರು. ಅವನು ಅಮೆರಿಕ ತಲಪಿದ್ದು 2024ರಲ್ಲಿ. ಹುಡುಗರು ಮಾಡದ ಯುದ್ಧಕ್ಕೆ ಹುಡುಗರು ತೆತ್ತ ಬೆಲೆ ಇದು. ಯುಕ್ರೇನಿನ ಹುಡುಗರು ತೆತ್ತುದು ಇದಕ್ಕಿಂತ ಎಷ್ಟೋ ಪಾಲು ಹೆಚ್ಚೆಂಬುದನ್ನು ಮರೆಯದೆಯೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯವನ್ನು ಕೇಳಿದರೆ ಹೀಗೆ ಹೇಳುವೆ. ಹುಡುಗನಿಗೆ ನಿಜವಾಗಿ ಆಡಲು ಅವಕಾಶ ಕೊಡುವ ತಂಡ ತನ್ನ ನಾಡಿನಲ್ಲಿರುವಷ್ಟು ಕಾಲ, ಹದಿನೆಂಟು ತುಂಬುವವರೆಗಾದರೂ, ಅವನು ಅಲ್ಲಿಯೇ ಇರಲಿ. ಆ ತಂಡ ಹೆಸರುವಾಸಿಯಾಗಿರಬೇಕಾಗಿಲ್ಲ. ಸೋಲುವ ತಂಡವಾದರೂ ಸರಿಯೇ. ತಾಯ್ನುಡಿಯಲ್ಲಿ ಬೈಸಿಕೊಂಡು ಕಲಿತದ್ದು ಬೇಗ ಮೈಗೂಡುತ್ತದೆ. ಅಲ್ಲದೆ ಸೋತು ಬಂದ ಸಂಜೆ ಮನೆಯ ಊಟಕ್ಕೆ ಸಮನಾದ ತರಬೇತುದಾರ ಇನ್ನೂ ಹುಟ್ಟಿಲ್ಲ. ಅಲೆಕ್ಸಾಂಡರ್ ಒವೆಚ್ಕಿನ್ ಹದಿನಾರಕ್ಕೆ ಮಾಸ್ಕೋದ ಡೈನಮೊ ಪರವಾಗಿ ದೊಡ್ಡವರೊಡನೆ ಆಡತೊಡಗಿದ. ಅವನ ತಾಯಿ ತಾತ್ಯಾನಾ ಎರಡು ಒಲಿಂಪಿಕ್ ಚಿನ್ನ ಗೆದ್ದ ಬ್ಯಾಸ್ಕೆಟ್‌ಬಾಲ್ ಆಟಗಾರ್ತಿ. ಕ್ರೀಡಾಲೋಕದ ಒಳಹೊರಗನ್ನು ಬಲ್ಲವಳು. 2004ರಲ್ಲಿ ಮೊದಲಿಗನಾಗಿ ಆಯ್ಕೆಯಾದರೂ ಅಮೆರಿಕದ ಲೀಗಿನಲ್ಲಿ ಒಡೆಯರು ಮತ್ತು ಆಟಗಾರರ ನಡುವಣ ವಿವಾದದಿಂದ ಒಂದಿಡೀ ಋತು ನಿಂತುಹೋಗಿ ಅವನು ಇನ್ನೊಂದು ವರ್ಷ ಮನೆಯಲ್ಲೇ ಉಳಿಯಬೇಕಾಯಿತು. ಆ ವರ್ಷ ಅವನಿಗೆ ನಷ್ಟವಾಯಿತೆಂದು ಹೇಳುವವರನ್ನು ನಾನು ಕಂಡಿಲ್ಲ. 2025ರ ಏಪ್ರಿಲ್ 6ರಂದು ಅವನು 895ನೆಯ ಗೋಲು ಹೊಡೆದು ವೇಯ್ನ್ ಗ್ರೆಟ್ಸ್‌ಕಿಯ ದಾಖಲೆಯನ್ನು ದಾಟಿದ.

ಆದರೆ ‘ಇರಲಿ’ ಎನ್ನುವುದು ಬೇರೆ, ‘ಇರಿಸಿಕೊಳ್ಳುವುದು’ ಬೇರೆ. ಪೆರ್ಮ್ ನಗರದ ಮತ್ವೇ ಮಿಚ್ಕೊವ್ ಎಳೆಯ ವಯಸ್ಸಿನಲ್ಲೇ ಸೇಂಟ್ ಪೀಟರ್ಸ್‌ಬರ್ಗ್‌ನ ಬಲಾಢ್ಯ ತಂಡಕ್ಕೆ 2026ರವರೆಗೆ ಬದ್ಧನಾಗಿದ್ದ. ಅಲ್ಲಿ ಅವನಿಗೆ ಜಾಗವಿರಲಿಲ್ಲ. ಪಟ್ಟಿಯ ತಳದಲ್ಲಿದ್ದ ಸೋಚಿ ತಂಡಕ್ಕೆ ಎರವಲಾಗಿ ಹೋದಾಗಲೇ ಅವನ ಆಟ ಅರಳಿದ್ದು. ಕರಾರಿಗೆ ಹೆದರಿ 2023ರ ಡ್ರಾಫ್ಟಿನಲ್ಲಿ ಹಲವು ತಂಡಗಳು ಅವನನ್ನು ಬಿಟ್ಟುಕೊಟ್ಟು, ಏಳನೆಯ ಸರದಿಯಲ್ಲಿ ಫಿಲಡೆಲ್ಫಿಯಾ ಆರಿಸಿಕೊಂಡಿತು. 2024ರ ಬೇಸಗೆಯಲ್ಲಿ ಹಿಡಿದಿದ್ದ ತಂಡವೇ ಕರಾರು ಮುಗಿಯುವ ಎರಡು ವರ್ಷ ಮೊದಲು ಅವನನ್ನು ಬಿಡುಗಡೆ ಮಾಡಿತು. ಹತ್ತೊಂಬತ್ತರ ಅವನು ಹೋಗಿ, ಮೊದಲ ಋತುವಿನಲ್ಲೇ 26 ಗೋಲು ಹೊಡೆದ.