ಗೋಮುಖಿಯೊಳಗಿನ ಎಣಿಕೆ

ಶ್ರಾವಣಮಾಸ ಬಂದಿತೆಂದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಊರೂರುಗಳಲ್ಲಿ ಪುರಾಣ ಹಚ್ಚುವ ಸಂಪ್ರದಾಯವುಂಟು. ದೊಡವಾಡದಂಥ ಊರಿನಲ್ಲಿ, ಹೊಲದ ಕೆಲಸ ಮುಗಿಸಿ ರೊಟ್ಟಿ ಉಂಡು ಬಂದ ಒಕ್ಕಲುಮಕ್ಕಳು ಮಠದ ಅಂಗಳದ ಜಮಖಾನೆಯ ಮೇಲೆ ಕುಳಿತು, ಗವಾಯಿಗಳ ಹಾಡಿಗೂ ತಬಲಾದ ಠೇಕೆಗೂ ತಲೆದೂಗುತ್ತ, ಶಾಸ್ತ್ರಿಗಳು ಕಲಬುರಗಿಯ ಶರಣಬಸವೇಶ್ವರರ ಚರಿತ್ರೆಯನ್ನೋ ಮತ್ತೊಬ್ಬ ಮಹಾತ್ಮರ ಚರಿತ್ರೆಯನ್ನೋ ಬಿಡಿಸಿ ಹೇಳುವುದನ್ನು ತಿಂಗಳ ಪರ್ಯಂತ ಕೇಳುತ್ತಾರೆ. ಈಚಿನ ವರ್ಷಗಳಲ್ಲಿ ಈ ಸಭೆಗೆ ಹೊಸದೊಂದು ಅಂಗ ಕೂಡಿಕೊಂಡಿದೆ. ವೇದಿಕೆಯ ಎದುರಿಗೆ ಸ್ಟ್ಯಾಂಡಿಗೆ ಸಿಕ್ಕಿಸಿದ ಮೊಬೈಲು. ಅದರ ಪರದೆಯ ಮೂಲೆಯಲ್ಲಿ ಕಣ್ಣಿನದೊಂದು ಚಿಹ್ನೆ. ಚಿಹ್ನೆಯ ಪಕ್ಕದಲ್ಲಿ ಏರಿಳಿಯುವ ಅಂಕಿ. ತೊಟ್ಟಿಲ ಪ್ರಸಂಗದ ರಾತ್ರಿ, ಹೆಣ್ಣುಮಕ್ಕಳೆಲ್ಲ ಕುಬಸ, ಕಡಲೆ, ಖೊಬ್ಬರಿ ತಂದು ತೊಟ್ಟಿಲು ತೂಗುವಾಗ, ಆ ಅಂಕಿ ಸರಸರನೆ ಮೇಲೇರುತ್ತದೆ. ಮರುದಿನ ಷಟ್‌ಸ್ಥಲದ ವಿಚಾರ ಬಂದಿತೆಂದರೆ ಅಷ್ಟೇ ಸರಸರನೆ ಇಳಿಯುತ್ತದೆ. ಮಂಗಲವಾದ ಮೇಲೆ ಮೊಬೈಲಿನ ಹುಡುಗ ಶಾಸ್ತ್ರಿಗಳ ಬಳಿ ಬಂದು, "ಅಜ್ಜಾರ, ನಿನ್ನಿಗಿಂತ ಇವತ್ತ ಮಂದಿ ಕಮ್ಮಿ ನೋಡ್ಯಾರ್ರೀ" ಎಂದು ಹೇಳುವುದು ಈಗ ಪುರಾಣದ ವಿಧಿಗಳಲ್ಲೊಂದಾಗಿದೆ.

ತತ್ತ್ವದ ದಿನ ಅಂಗಳ ತೆರವಾಗುವುದು ಹೊಸ ಸಂಗತಿಯೇನಲ್ಲ. ನಮ್ಮ ಅಜ್ಜಂದಿರ ಕಾಲದಲ್ಲಿಯೂ ತೊಟ್ಟಿಲ ದಿನ ಕಾಲಿಡಲು ಜಾಗವಿರುತ್ತಿರಲಿಲ್ಲ, ತತ್ತ್ವದ ದಿನ ಮುದುಕರು ನಾಲ್ವರು ಕಂಬಕ್ಕೊರಗಿ ತೂಕಡಿಸುತ್ತಿದ್ದರು. ಹೊಸದಾದುದು ಇಷ್ಟೇ: ಅಂದು ಕಣ್ಣಂದಾಜಿನಲ್ಲಿ ಕರಗಿಹೋಗುತ್ತಿದ್ದುದು ಇಂದು ಅಂಕಿಯಾಗಿ ನಿಲ್ಲುತ್ತದೆ, ನಿಂತ ಅಂಕಿ ನಾಳೆಯ ಅಂಕಿಯೊಡನೆ ಹೋಲಿಕೆಗೆ ಬರುತ್ತದೆ, ಹೋಲಿಕೆಯಾದೊಡನೆ ಹೇಳುವವನ ಮನಸ್ಸಿನಲ್ಲಿ ಒಂದು ಆಸೆಯೂ ಒಂದು ಅಂಜಿಕೆಯೂ ಹುಟ್ಟುತ್ತವೆ. ಧರ್ಮವನ್ನು ಹೇಳುವವನು ತನ್ನ ಕೇಳುಗರನ್ನು ಎಣಿಸಬಹುದೇ, ಎಣಿಸಿದರೆ ಆ ಎಣಿಕೆ ಏನನ್ನು ಅಳೆಯುತ್ತದೆ ಎಂಬ ಪ್ರಶ್ನೆಯನ್ನು ಆದುದರಿಂದ ಹಗುರವಾಗಿ ತಳ್ಳಿಹಾಕುವಂತಿಲ್ಲ.

ಎಣಿಕೆಯೇ ಅಧಾರ್ಮಿಕವೆಂದು ಹೇಳುವವರ ಮಾತನ್ನು ನಾನು ಒಪ್ಪಲಾರೆ. ನಮ್ಮ ಧರ್ಮಾಚರಣೆಯಷ್ಟು ಲೆಕ್ಕವಿಡುವ ಆಚರಣೆ ಬೇರೆಡೆ ವಿರಳ. ಸವದತ್ತಿಯ ರಟ್ಟರ ಶಾಂತಿವರ್ಮನು ಕ್ರಿ.ಶ. 980ರಲ್ಲಿ ತಾನು ಕಟ್ಟಿಸಿದ ಬಸದಿಗೆ ನೂರೈವತ್ತು ಮತ್ತರು ಭೂಮಿಯನ್ನು ಬಿಟ್ಟನೆಂದು ಕಲ್ಲಿನಲ್ಲಿ ಕೊರೆಯಿಸಿದ್ದಾನೆ. ಯಲ್ಲಮ್ಮನ ಗುಡ್ಡದಲ್ಲಿ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಿಗೆ ಉಧೋ ಉಧೋ ಎನ್ನುತ್ತ ಲಕ್ಷಗಟ್ಟಲೆ ಜನ ಏರಿ ಇಳಿದ ಮೇಲೆ ಹುಂಡಿಯ ನಾಣ್ಯ ನೋಟುಗಳನ್ನು ದಿನಗಟ್ಟಲೆ ಕುಳಿತು ಎಣಿಸುತ್ತಾರೆ. ಎಣಿಸದಿದ್ದರೆ ಅದೇ ಅಧರ್ಮ. ಕೊಟ್ಟ ಭೂಮಿ, ಬಂದ ಕಾಣಿಕೆ, ದಾಸೋಹಕ್ಕೆ ಸುರಿದ ಅಕ್ಕಿ ಇವೆಲ್ಲ ಮತ್ತೊಬ್ಬರಿಗೆ ಉತ್ತರ ಹೇಳಬೇಕಾದ ವಸ್ತುಗಳು. ಆದರೆ ಶಾಂತಿವರ್ಮನ ಶಾಸನ ಮತ್ತರುಗಳನ್ನು ಹೇಳುತ್ತದೆಯೇ ಹೊರತು, ತನ್ನನ್ನು ಎಷ್ಟು ಜನ ನಿಂತು ಓದಿದರೆಂಬುದನ್ನು ಹೇಳುವುದಿಲ್ಲ.

ಇನ್ನು ಜಪ. ಅದು ಎಣಿಕೆಯ ಮೇಲೆಯೇ ನಿಂತ ಸಾಧನೆ. ನೂರೆಂಟು ಮಣಿಗಳ ಮಾಲೆ, ಲಕ್ಷಜಪ, ಕೋಟಿಜಪ: ಲೆಕ್ಕ ತಪ್ಪಿದರೆ ಸಂಕಲ್ಪವೇ ತಪ್ಪಿದಂತೆ. ಆದರೂ ಈ ಎಣಿಕೆಯನ್ನು ನಮ್ಮ ಹಿರಿಯರು ಎಲ್ಲಿಟ್ಟರೆಂಬುದನ್ನು ಗಮನಿಸಬೇಕು. ಜಪಮಾಲೆಯನ್ನು ಹಿಡಿದ ಕೈಯನ್ನು ಗೋಮುಖಿಯೆಂಬ ಬಟ್ಟೆಯ ಚೀಲದೊಳಗೆ ತೂರಿಸಿ, ಮಣಿಯನ್ನು ತರ್ಜನಿ ಮುಟ್ಟದಂತೆ ಸರಿಸಬೇಕೆಂದು ವಿಧಿಸಿದರು. ಎದುರಿಗೆ ಕುಳಿತವನಿಗೆ ಮಣಿ ಕಾಣಿಸದು. ಜಪಿಸುವವನ ಕಣ್ಣಿಗೂ ಕಾಣಿಸದು. ಬೆರಳಿಗೆ ಮಾತ್ರ ತಿಳಿಯುತ್ತದೆ. ಎಣಿಕೆಯು ಮನಸ್ಸನ್ನು ಒಂದೆಡೆ ಕಟ್ಟಿಹಾಕಲು ಬೇಕು, ಆದರೆ ಅದೇ ಎಣಿಕೆ ಕಣ್ಣಿಗೆ ಬಿದ್ದೊಡನೆ ಮನಸ್ಸನ್ನು ಬಿಚ್ಚಿ ಹೊರಗಟ್ಟುತ್ತದೆ ಎಂಬ ಸೂಕ್ಷ್ಮವನ್ನು ಕಂಡವರಲ್ಲದೆ ಬೇರಾರೂ ಇಂತಹ ಚೀಲವನ್ನು ಹೊಲಿಸಿರಲಾರರು.

ಇದಕ್ಕೆ ನೇರವಾಗಿ ವಿರುದ್ಧವಾದುದು ನಮ್ಮ ಕಾಲದ ಮಾಪನ. ಮೆಚ್ಚಿದವರು, ಕಮೆಂಟು ಬರೆದವರು, ಶೇರ್ ಮಾಡಿದವರು, ಇವರೆಲ್ಲರನ್ನು ಕೂಡಿಸಿ, ಪೋಸ್ಟು ತಲುಪಿದವರ ಸಂಖ್ಯೆಯಿಂದ ಭಾಗಿಸಿ, ನೂರರಿಂದ ಗುಣಿಸಿದರೆ ದೊರೆಯುವ ಶೇಕಡಾವಾರನ್ನು ಎಂಗೇಜ್‌ಮೆಂಟ್ ರೇಟ್ ಎನ್ನುತ್ತಾರೆ. ಪ್ರವಚನ ಎರಡು ಸಾವಿರ ಜನರಿಗೆ ತಲುಪಿ ಅರವತ್ತು ಜನ ಬೆರಳು ಒತ್ತಿದರೆ ಶೇಕಡಾ ಮೂರು. ಲೈಕ್ ಗುಂಡಿಯನ್ನು ಫೇಸ್‌ಬುಕ್ 2009ರ ಫೆಬ್ರವರಿಯಲ್ಲಿ ತಂದಿತು. ಮೂರು ಸೆಕೆಂಡು ಓಡಿದ ದೃಶ್ಯವನ್ನೂ ಒಂದು ವೀಕ್ಷಣೆಯೆಂದು ಗಣಿಸುವ ಪದ್ಧತಿಯನ್ನು ಅದೇ ಸಂಸ್ಥೆ ಬಹುಕಾಲ ಇಟ್ಟುಕೊಂಡಿತ್ತು. 2017ರಿಂದ ಕೆಲಕಾಲ ಸಿಟ್ಟಿನ ಮುಖಚಿಹ್ನೆಗೆ ಲೈಕಿನ ಐದು ಪಟ್ಟು ತೂಕ ಕೊಡಲಾಗುತ್ತಿತ್ತೆಂಬುದು 2021ರಲ್ಲಿ ಆ ಸಂಸ್ಥೆಯ ಒಳಗಿನ ಕಾಗದಪತ್ರಗಳಿಂದ ಹೊರಬಿದ್ದಿತು. ಕ್ರೋಧವನ್ನು ಅರಿಷಡ್ವರ್ಗದಲ್ಲಿ ಸೇರಿಸಿದ ನಾಡಿನ ಪ್ರವಚನವು, ಕ್ರೋಧಕ್ಕೆ ಐದು ಪಟ್ಟು ಅಂಕ ಕೊಟ್ಟ ತಕ್ಕಡಿಯಲ್ಲಿ ಕೆಲವು ಕಾಲ ತೂಗಲ್ಪಟ್ಟಿತು! ಅಳತೆಯೇ ಗುರಿಯಾದಾಗ ಅದು ಒಳ್ಳೆಯ ಅಳತೆಯಾಗಿ ಉಳಿಯದೆಂಬ ಎಚ್ಚರಿಕೆ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಅವರ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಅವರು ಆ ವಿಚಾರವನ್ನು 1975ರಲ್ಲಿ ಹೇಳಿದುದು ಹಣಕಾಸಿನ ನೀತಿಯನ್ನು ಕುರಿತು, ಧರ್ಮವನ್ನು ಕುರಿತಲ್ಲ.

ಮೀಮಾಂಸಕರಾಗಿದ್ದರೆ ಇದನ್ನು ಬೇರೊಂದು ರೀತಿಯಲ್ಲಿ ಬಿಡಿಸುತ್ತಿದ್ದರು. ಕರ್ಮಕ್ಕೆ ದೃಷ್ಟಫಲವೆಂದೂ ಅದೃಷ್ಟಫಲವೆಂದೂ ಎರಡುಂಟು. ಯಜ್ಞಕ್ಕಾಗಿ ಭತ್ತವನ್ನು ಕುಟ್ಟಿದರೆ ಹೊಟ್ಟು ಬೇರೆಯಾಗುವುದು ಕಣ್ಣಿಗೆ ಕಾಣುವ ಫಲ. ಅದೇ ಭತ್ತಕ್ಕೆ ನೀರು ಪ್ರೋಕ್ಷಿಸಿದುದರ ಫಲ ಕಾಣುವಂಥದಲ್ಲ. ಪ್ರವಚನವನ್ನು ಕೇಳಿದವನ ಬೆರಳು ಅಲುಗಿದುದು ದೃಷ್ಟ. ಆರು ತಿಂಗಳ ತರುವಾಯ ಬದುವಿನ ಜಗಳದಲ್ಲಿ ಅವನು ಎತ್ತಿದ ಕೈಯನ್ನು ಇಳಿಸಿದರೆ ಅದು ಅದೃಷ್ಟ, ಅದರ ಮೂಲ ಶ್ರಾವಣದ ಯಾವ ರಾತ್ರಿಯ ಯಾವ ಮಾತಿನಲ್ಲಿದೆಯೆಂಬುದು ಅವನಿಗೂ ತಿಳಿಯದು. ಬೃಹದಾರಣ್ಯಕದಲ್ಲಿ ಯಾಜ್ಞವಲ್ಕ್ಯನು ಮೈತ್ರೇಯಿಗೆ ಶ್ರವಣ, ಮನನ, ನಿದಿಧ್ಯಾಸನಗಳೆಂಬ ಮೂರು ಮೆಟ್ಟಿಲುಗಳನ್ನು ತೋರಿಸಿದನಷ್ಟೆ. ಮೊಬೈಲಿನ ಅಂಕಿ ಮೊದಲನೆಯ ಮೆಟ್ಟಿಲಿನ ಹೊಸ್ತಿಲಲ್ಲಿಯೇ ನಿಂತುಬಿಡುತ್ತದೆ. ಎಣಿಕೆಗೆ ಸಿಗದ ಕೇಳುವಿಕೆಯೂ ಉಳಿಯುತ್ತದೆಂಬುದಕ್ಕೆ ಒಂದು ನಿದರ್ಶನವುಂಟು. ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದುದು 1831ರಲ್ಲಿ. ಆತನ ಲಾವಣಿಯನ್ನು ಫ್ಲೀಟ್ ಎಂಬ ಆಂಗ್ಲ ಅಧಿಕಾರಿ ಸಂಗ್ರಹಿಸಿ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಅಚ್ಚುಹಾಕಿಸಿದುದು 1880ರ ದಶಕದಲ್ಲಿ. ಆ ನಡುವಿನ ಅರ್ಧ ಶತಮಾನ ಆ ಕಥೆಯನ್ನು ಕಾದುಕೊಂಡು ಬಂದವರು ಹಾಡುಗಾರರು, ಅವರ ಮುಂದೆ ಕುಳಿತ ಮಂದಿ. ಅವರ ತಲೆಯೆಣಿಕೆ ಯಾವ ಕಾಗದದಲ್ಲಿಯೂ ಇಲ್ಲ.

ನಾಟಕದವರ ಮಾತು ಬೇರೆ. ಸವದತ್ತಿ ತಾಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿ ನೂರು ವರ್ಷ ದಾಟಿ ಬಾಳಿದ ಏಣಗಿ ಬಾಳಪ್ಪನವರು 'ಜಗಜ್ಯೋತಿ ಬಸವೇಶ್ವರ' ನಾಟಕದ ಬಸವಣ್ಣನಾಗಿ ಮನೆಮಾತಾದವರು. ಕಂಪನಿ ನಡೆಸಿದವರಿಗೆ ಟಿಕೆಟ್ಟಿನ ಗಲ್ಲಾ ಎಣಿಸದೆ ಗತ್ಯಂತರವಿರಲಿಲ್ಲ, ನಟರ ಹೊಟ್ಟೆ ಅದರ ಮೇಲೆ ನಿಂತಿತ್ತು. ಒನ್ಸ್ ಮೋರ್ ಎಂದು ಕೂಗಿದರೆ ಹಾಡನ್ನು ಮತ್ತೊಮ್ಮೆ ಹಾಡುವುದೂ ಆ ವೃತ್ತಿಯ ಧರ್ಮವೇ. ಅದರಲ್ಲಿ ಕಪಟವಿರಲಿಲ್ಲ. ಕಪಟ ಹುಟ್ಟುವುದು, ನಾನು ನಿಷ್ಕಾಮನೆಂದು ವೇದಿಕೆಯ ಮೇಲೆ ಹೇಳಿ ಕೆಳಗಿಳಿದವನು ಮೊದಲು ಮೊಬೈಲಿಗೆ ಕೈಚಾಚಿದಾಗ.

ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳನ್ನು ಈ ಸಂದರ್ಭದಲ್ಲಿ ನೆನೆಯದಿರಲಾಗದು. ಅವರ ಪ್ರವಚನವೆಂದರೆ ಬೆಳಗಿನ ಹೊತ್ತು ಸಾವಿರಾರು ಜನ ಕುಳಿತ ಬಯಲಿನಲ್ಲಿ ಸೂಜಿ ಬಿದ್ದರೆ ಕೇಳಿಸುವಷ್ಟು ನಿಶ್ಶಬ್ದ. ಏರುದನಿಯಿಲ್ಲ, ನಗಿಸಬೇಕೆಂಬ ಹಟವಿಲ್ಲ. ಹೂವು, ಹಕ್ಕಿ, ರೈತನ ಬದುಕು ಇವುಗಳಿಂದ ಹೊರಟು ಉಪನಿಷತ್ತಿಗೆ ಸೇರುವ ಮೆಲುಮಾತು. ಜೇಬಿಲ್ಲದ ಅಂಗಿ ತೊಡುತ್ತಿದ್ದರು. 2018ರಲ್ಲಿ ಬಂದ ಪದ್ಮಶ್ರೀ ಪ್ರಶಸ್ತಿಯನ್ನು ವಿನಯದಿಂದ ಬೇಡವೆಂದರು. ತಮ್ಮ ದೇಹವನ್ನು ಅಗ್ನಿಗೆ ಅರ್ಪಿಸಬೇಕು, ಚಿತಾಭಸ್ಮವನ್ನು ನೀರಿಗೆ ಬಿಡಬೇಕು, ಸ್ಮಾರಕವನ್ನು ನಿರ್ಮಿಸಬಾರದು ಎಂದು 2014ರಲ್ಲಿಯೇ ಬರೆದಿಟ್ಟು, 2023ರ ಜನವರಿ 2ರಂದು ದೇಹ ಬಿಟ್ಟರು. ಅವರ ಮಾತುಗಳು ಇಂದು ಯೂಟ್ಯೂಬಿನಲ್ಲಿ ಓಡುತ್ತಿವೆ, ಪ್ರತಿಯೊಂದರ ಕೆಳಗೂ ಅಂಕಿಯಿದೆ, ಅಂಕಿ ದಿನದಿನಕ್ಕೆ ಬೆಳೆಯುತ್ತಿದೆ. ಹಾಗಾದರೆ ಅಂಕಿ ಸುಳ್ಳೇ? ಅಲ್ಲ. ಆದರೆ ಆ ಅಂಕಿಯನ್ನು ಕಂಡು ಮಾತನ್ನು ತಿದ್ದಿಕೊಳ್ಳಬೇಕಾದ ಮನುಷ್ಯ ಅಲ್ಲಿರಲಿಲ್ಲ. ಜನ ಬಂದುದು ಅವರು ಹೇಳಿದುದರ ಹಿಂದೆ. ಅವರು ಹೇಳಿದುದು ಜನ ಬಂದುದರ ಹಿಂದೆ ಹೋಗಲಿಲ್ಲ. ಈ ಕ್ರಮ ತಲೆಕೆಳಗಾದಲ್ಲಿ, ತೊಟ್ಟಿಲ ಪ್ರಸಂಗ ಮೂರು ರಾತ್ರಿಗೆ ಹಿಗ್ಗಿ, ಷಟ್‌ಸ್ಥಲ ಮೂರು ನಿಮಿಷಕ್ಕೆ ಕುಗ್ಗುವುದನ್ನು ಯಾರೂ ತಡೆಯಲಾರರು.

ಅಂಕಿಯ ಪರವಾಗಿ ಹೇಳಬೇಕಾದ ಮಾತೊಂದಿದೆ. ಹಾಸಿಗೆ ಹಿಡಿದ ಮುದುಕಿ, ಪುಣೆಯಲ್ಲಿ ದುಡಿಯುವ ಮಗ, ಸಮುದ್ರದಾಚೆ ಇರುವ ಮೊಮ್ಮಗಳು, ಇವರಿಗೆ ಅಜ್ಜಾರ ಮಾತು ಮುಟ್ಟಿತೇ, ನಡುವೆ ಧ್ವನಿ ಕಡಿದುಹೋಯಿತೇ ಎಂಬುದನ್ನು ತಿಳಿಯಲು ಆ ಅಂಕಿಯಷ್ಟು ಉಪಯುಕ್ತವಾದುದು ಬೇರೊಂದಿಲ್ಲ. ಅದು ವ್ಯವಸ್ಥೆಯ ಲೆಕ್ಕ, ದಾಸೋಹದ ಅಕ್ಕಿಯ ಲೆಕ್ಕದ ಜಾತಿಯದು. ಆದರೆ ಆ ಲೆಕ್ಕ ಎಲ್ಲರ ಕಣ್ಣಿಗೂ ಬೀಳಬೇಕಾಗಿಲ್ಲ. ಇನ್‌ಸ್ಟಾಗ್ರಾಂ ಸಂಸ್ಥೆಯವರೂ ಲೈಕುಗಳ ಸಂಖ್ಯೆಯನ್ನು ಮರೆಮಾಡುವ ಪ್ರಯೋಗವನ್ನು 2019ರಲ್ಲಿ ಆರಂಭಿಸಿ, 2021ರಲ್ಲಿ ಅದನ್ನು ಬಳಸುವವರ ಇಚ್ಛೆಗೆ ಬಿಟ್ಟರು. ಗೋಮುಖಿ ಅವರ ಕೈಗೂ ಸಿಕ್ಕಿತ್ತು. ತೊಡುವುದನ್ನು ಮಾತ್ರ ಐಚ್ಛಿಕವಾಗಿಸಿದರು.

ಪುರಾಣ ಸಮಿತಿಯ ಹಿರಿಯರಲ್ಲಿ ನನ್ನ ಬಿನ್ನಹವಿಷ್ಟು: ಬರುವ ಶ್ರಾವಣದಲ್ಲಿಯೂ ನೇರಪ್ರಸಾರ ನಡೆಯಲಿ, ಮನೆಯಲ್ಲಿರುವವರೂ ಕೇಳಲಿ. ಆದರೆ ಮೊಬೈಲಿನ ಮುಖವನ್ನು ಅಜ್ಜಾರ ಕಡೆಗೆ ತಿರುಗಿಸಬೇಡಿ, ಅಂಕಿಯನ್ನು ಅವರ ಕಿವಿಗೆ ಹಾಕಬೇಡಿ. ತಿಂಗಳು ಮುಗಿದು ಮಹಾಮಂಗಲವಾದ ಮೇಲೆ, ಕಾಣಿಕೆ ಪೆಟ್ಟಿಗೆಯನ್ನು ತೆರೆದು ಎಣಿಸುವ ದಿನ, ಅದೇ ವಹಿಯಲ್ಲಿ ಇದನ್ನೂ ಒಂದು ಸಾಲು ಬರೆದುಕೊಳ್ಳಿ.