ತಿಳಿವಳಿಕೆಯೂ ರಸಭಂಗವೂ

ವೀಣೆಯನ್ನು ಅಭ್ಯಾಸಮಾಡಿದ ಹೆಣ್ಣುಮಗಳೊಬ್ಬಳು ಚಲಚ್ಚಿತ್ರವನ್ನು ನೋಡುತ್ತಿರುವಾಗ ನಾಯಕಿಯು ವೀಣೆಯನ್ನು ಕೈಗೆತ್ತಿಕೊಂಡಳೆಂದರೆ ಅವಳ ಮನಸ್ಸು ಕಥೆಯಿಂದ ಕದಲುವುದುಂಟು. ಸ್ವರವು ತಾರಸ್ಥಾಯಿಗೆ ಏರುತ್ತಿರುತ್ತದೆ. ನಾಯಕಿಯ ಬೆರಳು ಮೊದಲ ಮೆಟ್ಟಿಲುಗಳ ಮೇಲೆಯೇ ಆಡುತ್ತಿರುತ್ತದೆ. ಪಕ್ಕದವರು ಕಣ್ಣೊರಸಿಕೊಳ್ಳುವಾಗ ಅವಳಿಗೆ ನಗೆ ಬರುತ್ತದೆ. ಈ ರಸಭಂಗಕ್ಕೆ ಹೊಣೆ ಯಾರು? ಚಿತ್ರವೋ, ಅವಳ ತಿಳಿವಳಿಕೆಯೋ?

೧೯೯೭ರಲ್ಲಿ ತೆರೆಗೆ ಬಂದ 'ಟೈಟಾನಿಕ್' ಚಿತ್ರದ ನಾಯಕಿ ನಡುಗಡಲಿನಲ್ಲಿ ಹಲಗೆಯ ಮೇಲೆ ಮಲಗಿ ನಕ್ಷತ್ರಗಳನ್ನು ನೋಡುತ್ತಾಳೆ. ಹಡಗು ಮುಳುಗಿದ್ದು ೧೯೧೨ನೆಯ ಏಪ್ರಿಲ್ ೧೫ರ ಬೆಳಗಿನ ಜಾವ. ಸ್ಥಳವೂ ಹೊತ್ತೂ ತಿಳಿದವೇ ಆದುದರಿಂದ ಆಗಿನ ಆಕಾಶವನ್ನು ಗಣಿತದಿಂದ ಹೇಳಬಹುದು. ತೆರೆಯ ಮೇಲಿನದು ಆ ಆಕಾಶವಲ್ಲ. ಸಾಲದುದಕ್ಕೆ ಅದರ ಒಂದು ಅರ್ಧವು ಇನ್ನೊಂದರ ಪ್ರತಿಬಿಂಬ! ಖಗೋಳಶಾಸ್ತ್ರಜ್ಞ ನೀಲ್ ಡಿಗ್ರಾಸ್ ಟೈಸನ್ನರು ಇದನ್ನು ಎತ್ತಿ ತೋರಿಸಿದರು. ೨೦೧೨ರಲ್ಲಿ ಚಿತ್ರವು ಮರಳಿ ತೆರೆಗೆ ಬಂದಾಗ ನಿರ್ದೇಶಕ ಜೇಮ್ಸ್ ಕ್ಯಾಮರನ್ನರು ಆಕಾಶವನ್ನು ತಿದ್ದಿಸಿದರು. ಅಳುತ್ತಿದ್ದ ಪ್ರೇಕ್ಷಕರಲ್ಲಿ ಎಷ್ಟು ಮಂದಿ ವ್ಯತ್ಯಾಸವನ್ನು ಕಂಡಾರು?

ಹೆಣ್ಣುಜಿಂಕೆಗೆ ಕೊಂಬಿಲ್ಲವೆಂದು ಅರಿಯದಿರುವುದು ಅದನ್ನು ಕಲಾಹೀನವಾಗಿ ಬರೆಯುವುದಕ್ಕಿಂತ ಸಣ್ಣ ದೋಷವೆಂದು ಅರಿಸ್ಟಾಟಲನ ಮತ. ಪ್ಲಿನಿ ಹೇಳುವ ಕಥೆಯೂ ಉಂಟು: ಚಿತ್ರಕಾರ ಅಪೆಲೀಸನು ಪಾದರಕ್ಷೆಯಲ್ಲಿ ಮಾಡಿದ್ದ ತಪ್ಪನ್ನು ಮೋಚಿಯೊಬ್ಬನು ತೋರಿಸಲು ಅವನು ತಿದ್ದಿದನು, ಮಾರನೆಯ ದಿನ ಮೋಚಿ ಹಿಗ್ಗಿ ಕಾಲಿನಲ್ಲಿಯೂ ತಪ್ಪು ಹಿಡಿಯಲು ಹೊರಟಾಗ, ಕೆರದಿಂದ ಮೇಲಕ್ಕೆ ಹೋಗಬೇಡವೆಂದು ಗದರಿದನು. ಜನರು ಸಾಮಾನ್ಯವಾಗಿ ನೆನೆಯುವುದು ಈ ಗದರಿಕೆಯನ್ನು. ಮೊದಲ ದಿನದ ತಿದ್ದುಪಡಿಯನ್ನಲ್ಲ. ಕಥೆಯ ಹಿತಕ್ಕಾಗಿ ಬೇಕೆಂದು ನಿಜವನ್ನು ಬಾಗಿಸಿದವನಿಗೆ ಅರಿಸ್ಟಾಟಲನ ಆಸರೆ ಉಂಟು. ಕೇಳಿದ್ದರೆ ತಿಳಿಯುತ್ತಿದ್ದುದನ್ನು ಕೇಳದೆ ಹೋದವನಿಗೆ ಅದು ಸಲ್ಲುವುದೆಂದು ತೋರುವುದಿಲ್ಲ.

ನಕ್ಷತ್ರಗಳು ತಪ್ಪಿದರೆ ಯಾರಿಗೂ ನಷ್ಟವಿಲ್ಲ. ವೈದ್ಯನ ಅಸಮಾಧಾನ ಬೇರೆ ಬಗೆಯದು. ೧೯೯೬ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಯಲ್ಲಿ ಒಂದು ಲೇಖನ ಬಂದಿತು. ಅಮೆರಿಕದ ಮೂರು ದೂರದರ್ಶನ ಮಾಲಿಕೆಗಳ ೯೭ ಕಂತುಗಳಲ್ಲಿ, ನಿಂತ ಹೃದಯವನ್ನು ಎದೆಯೊತ್ತಿ ಮರಳಿ ನಡೆಸುವ ಚಿಕಿತ್ಸೆ ೬೦ ಸಲ ಬಂದಿತ್ತು. ಒಡನೆಯೇ ಬದುಕಿಕೊಂಡವರು ನೂರಕ್ಕೆ ೭೫. ಆಸ್ಪತ್ರೆಯಿಂದ ಮನೆಗೆ ಹೋದಂತೆ ಕಂಡವರು ೬೭. ನಿಜವಾದ ಆಸ್ಪತ್ರೆಗಳಲ್ಲಿ ಮನೆಗೆ ಹೋಗುವವರ ಪ್ರಮಾಣ ಇದರ ಅರ್ಧಕ್ಕೂ ಬಹಳ ಕೆಳಗಿತ್ತು. ಬದುಕಿದವರಲ್ಲಿಯೂ ಪಕ್ಕೆಲುಬು ಮುರಿದವರುಂಟು, ಮಿದುಳು ಕೆಟ್ಟವರುಂಟು. ತೆರೆಯ ಮೇಲಿನ ರೋಗಿಯಾದರೋ ಕೆಮ್ಮಿ ಎದ್ದು ಮಾತಾಡುತ್ತಾನೆ. ಇಂಥದನ್ನು ನೋಡಿ ವೈದ್ಯನು ಮುಖ ಸಿಂಡರಿಸಿದರೆ ಮನೆಯವರು "ಸುಮ್ಮನೆ ನೋಡಬಾರದೆ?" ಎನ್ನುತ್ತಾರೆ.

ಆದರೆ ಮರುದಿನ ಅದೇ ವೈದ್ಯನ ಮುಂದೆ ಎಂಬತ್ತು ದಾಟಿದ, ಅಂಗಾಂಗಗಳೆಲ್ಲ ಸೋತ ವೃದ್ಧನೊಬ್ಬನು ಮಲಗಿರಬಹುದು. ಮಗನು ಕೈಹಿಡಿದು, "ಏನಾದರೂ ಮಾಡಿ ಸ್ವಾಮಿ, ಎದೆ ಒತ್ತಿದರೆ ಅಪ್ಪ ಎದ್ದು ಕೂರುತ್ತಾರೆ" ಎಂದು ಬೇಡುತ್ತಾನೆ. ಆ ನಂಬಿಕೆ ಎಲ್ಲಿಂದ ಬಂದಿತೆಂದು ವೈದ್ಯನು ಬಲ್ಲನು. ಅದನ್ನು ಅಲ್ಲಿಯೇ, ಆ ಹಾಸಿಗೆಯ ಪಕ್ಕದಲ್ಲಿಯೇ ನಿಂತು, ಅವನೇ ಬಿಡಿಸಬೇಕಾಗಿದೆ.